ಅಂಕೆ ಮರೆತ ತಿಜೋರಿ

ದೀಪಾವಳಿ ಅಮಾವಾಸ್ಯೆಯ ಸಂಜೆ ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ, ಅಥಣಿಯ ಪೇಟೆಯಲ್ಲಿ, ಚಿಕ್ಕೋಡಿಯ ಅಡತಿ ಅಂಗಡಿಗಳಲ್ಲಿ ಲಕ್ಷ್ಮಿಯ ಪಟಕ್ಕೆ ಎಷ್ಟು ಮರ್ಯಾದೆಯೋ ತಿಜೋರಿಗೂ ಅಷ್ಟೇ ಮರ್ಯಾದೆ. ಬಾಗಿಲಿಗೆ ಅರಿಸಿನ ಕುಂಕುಮ, ಹಿಡಿಕೆಗೆ ಚೆಂಡುಹೂವಿನ ಮಾಲೆ, ಎದುರಿಗೆ ಹೊಸ ಖತಾವಣಿ ಪುಸ್ತಕ. ವರ್ಷದಲ್ಲಿ ಒಂದು ದಿನವಾದರೂ ಆ ಕಬ್ಬಿಣದ ಪೆಟ್ಟಿಗೆ ದೇವರ ಸಮಾನ.

ಈ ದೇವರು ಮುನಿಯುವುದೂ ಉಂಟು. ಹಿಂದೆ ತಿಜೋರಿಯ ಕೀಲಿಕೈ ಮನೆಯ ಹಿರಿಯಳ ಸೊಂಟದಲ್ಲಿರುತ್ತಿತ್ತು. ಆಕೆ ಕಣ್ಣು ಮುಚ್ಚಿದ ದಿನ ಅದು ಸೊಸೆಯ ಸೊಂಟಕ್ಕೆ ಬರುತ್ತಿತ್ತು. ಈಗ ಅನೇಕ ಮನೆಗಳಲ್ಲಿ ಕೀಲಿಕೈಯ ಜಾಗಕ್ಕೆ ಸಂಖ್ಯೆ ಬಂದಿದೆ. ಕೀಲಿಕೈಯನ್ನು ಸೊಂಟದಿಂದ ಬಿಚ್ಚಿಕೊಳ್ಳಬಹುದು. ಸಂಖ್ಯೆ ಇರುವುದು ಯಜಮಾನನ ತಲೆಯಲ್ಲಿ. ಆತ ಯಾರಿಗೂ ಹೇಳದೆ ಹೋದರೆ ಅದೂ ಆತನ ಜತೆಗೇ ಮಣ್ಣಿಗೆ ಹೋಗುತ್ತದೆ. ಹೊಲದ ಖರೀದಿಪತ್ರ, ಠೇವಣಿ ರಸೀದಿ, ವಿಮೆಯ ಪಾಲಿಸಿ, ಮಗಳ ಮದುವೆಗೆಂದು ಕೂಡಿಸಿದ ಬಂಗಾರ ಎಲ್ಲವೂ ಒಳಗೆ, ಮನೆಯವರು ಹೊರಗೆ. ದಿನಕರ್ಮ ಮುಗಿಯುವ ಮೊದಲೇ ಯಾರೋ ಒಬ್ಬರು ‘ಗ್ಯಾಸ್ ಕಟ್ಟರ್ ತರಸೋಣೇನ್ರಿ?’ ಎಂದು ಕೇಳುತ್ತಾರೆ.

ಸ್ವಲ್ಪ ತಡೆಯಿರಿ. ಅಂಕೆ ಗೊತ್ತಿಲ್ಲದ ತಿಜೋರಿಯನ್ನು ತೆರೆಯುವುದು ಬಲದ ಕೆಲಸವಲ್ಲ. ಅದರಲ್ಲಿ ಗಣಿತವಿದೆ, ರಸಾಯನಶಾಸ್ತ್ರವಿದೆ, ಕಾನೂನಿದೆ, ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯ ಸ್ವಭಾವವಿದೆ.

ಮೂರು ರೊಟ್ಟಿಗಳ ಬೀಗ

ಸಂಖ್ಯೆಯ ಬೀಗ ಇಂದು ನಿನ್ನೆಯದಲ್ಲ. ಮೆಸೊಪೊಟೇಮಿಯದ ಯಂತ್ರಶಿಲ್ಪಿ ಅಲ್ ಜಜರಿ 1206ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ಇಂಥದೊಂದು ಬೀಗವನ್ನು ವರ್ಣಿಸಿದ್ದಾನೆ. ಇಂದಿನ ತಿರುಗಿಸುವ ಚಕ್ರದ ತಿಜೋರಿಯ ಒಳಗಿನ ತತ್ತ್ವವೂ ಸರಳವೇ.

ಮೂರು ಜೋಳದ ರೊಟ್ಟಿಗಳನ್ನು ಒಂದರ ಹಿಂದೊಂದು ನಿಲ್ಲಿಸಿ ನಡುವೆ ಒಂದು ಕಡ್ಡಿ ಚುಚ್ಚಿದ್ದೀರಿ ಎಂದುಕೊಳ್ಳಿ. ಪ್ರತಿ ರೊಟ್ಟಿಯ ಅಂಚಿನಲ್ಲಿ ಒಂದೊಂದು ಕಚ್ಚು ಇದೆ. ಮೂರೂ ಕಚ್ಚುಗಳು ಒಂದೇ ಸಾಲಿಗೆ ಬಂದಾಗ ಮೇಲಿರುವ ಒಂದು ಪಟ್ಟಿ ಅದರೊಳಗೆ ಇಳಿಯುತ್ತದೆ. ಪಟ್ಟಿ ಇಳಿದರೆ ಬಾಗಿಲಿನ ಅಗುಳಿ ಸರಿಯುತ್ತದೆ. ರೊಟ್ಟಿಯ ಜಾಗದಲ್ಲಿ ಲೋಹದ ಬಿಲ್ಲೆಗಳಿವೆ ಅಷ್ಟೇ. ಹೊರಗಿನ ಚಕ್ರ ನೇರವಾಗಿ ತಿರುಗಿಸುವುದು ಒಂದು ಬಿಲ್ಲೆಯನ್ನು ಮಾತ್ರ. ಅದು ಒಂದು ಸುತ್ತು ಬಂದು ತನ್ನ ಮುಳ್ಳಿನಿಂದ ಎರಡನೆಯದನ್ನು ದೂಡುತ್ತದೆ, ಎರಡನೆಯದು ಮೂರನೆಯದನ್ನು. ಅದಕ್ಕಾಗಿಯೇ ಮೊದಲ ಸಂಖ್ಯೆಗೆ ಒಂದು ದಿಕ್ಕಿನಲ್ಲಿ ಹೆಚ್ಚು ಸುತ್ತು, ಎರಡನೆಯದಕ್ಕೆ ವಿರುದ್ಧ ದಿಕ್ಕಿನಲ್ಲಿ ಅದಕ್ಕಿಂತ ಕಡಿಮೆ, ಮೂರನೆಯದಕ್ಕೆ ಮತ್ತೂ ಕಡಿಮೆ ಸುತ್ತು ಹಾಕಬೇಕಾಗುತ್ತದೆ. ಸಂಖ್ಯೆ ಸರಿಯಿದ್ದು ಸುತ್ತಿನ ಲೆಕ್ಕ ತಪ್ಪಿದರೂ ಬಾಗಿಲು ತೆರೆಯದು. ‘ಅಂಕೆ ಗೊತ್ತೈತಿ, ಆದ್ರೂ ತೆರೀವಲ್ದು’ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ಇಂಗ್ಲಿಷಿನವರು ಇದನ್ನು ಕಾಂಬಿನೇಶನ್ ಲಾಕ್ ಎಂದು ಕರೆದದ್ದು ಗಣಿತ ಶಿಕ್ಷಕರಿಗೆ ಒಪ್ಪುವ ಮಾತಲ್ಲ. ಗಣಿತದ ಕಾಂಬಿನೇಶನ್‌ನಲ್ಲಿ, ಅಂದರೆ ವಿಕಲ್ಪದಲ್ಲಿ, ಯಾವುದು ಮೊದಲು ಎಂಬುದು ಮುಖ್ಯವಲ್ಲ. ಬೀಗಕ್ಕೆ ಅದೇ ಮುಖ್ಯ. 12, 40, 75 ಎಂದರೆ ತೆರೆಯುವ ತಿಜೋರಿ 75, 40, 12 ಎಂದರೆ ಜಪ್ಪಯ್ಯ ಎಂದರೂ ತೆರೆಯದು.

ಎಷ್ಟು ಸಲ ತಿರುಗಿಸಬೇಕು?

ಮದುವೆಯಲ್ಲಿ ಉಡುಗೊರೆಯಾಗಿ ಬರುವ ಸೂಟ್‌ಕೇಸಿನಿಂದ ಆರಂಭಿಸೋಣ. ಮೂರು ಗಾಲಿ, ಪ್ರತಿ ಗಾಲಿಯಲ್ಲಿ 0ಯಿಂದ 9. ಒಟ್ಟು ಸಾಧ್ಯತೆ 10 × 10 × 10, ಅಂದರೆ 1000. ನಮ್ಮ ಶಾಲೆಯಲ್ಲಿ ಶಿಕ್ಷಕರೊಬ್ಬರು ಅಂಕೆ ಮರೆತ ಇಂಥ ಪೆಟ್ಟಿಗೆಯನ್ನು ತಂದಾಗ ಅದನ್ನು ಒಂಬತ್ತನೆಯ ತರಗತಿಗೇ ಕೊಟ್ಟೆವು. 000ದಿಂದ ಕ್ರಮವಾಗಿ ಹೊರಟರೆ, ಒಂದು ಯತ್ನಕ್ಕೆ ಎರಡು ಸೆಕೆಂಡಿನಂತೆ 2000 ಸೆಕೆಂಡು; ಹೆಚ್ಚೆಂದರೆ ಅರ್ಧ ತಾಸಿಗಿಂತ ತುಸು ಹೆಚ್ಚು. ‘ಸರ್, ಅದೃಷ್ಟ ಇದ್ರ ಲಗೂನ ತೆರೀತೈತಿ’ ಎಂದ ಒಬ್ಬ ಹುಡುಗ. ಅದೂ ಗಣಿತವೇ. ಸರಾಸರಿ ಅರ್ಧದಷ್ಟು ಯತ್ನದಲ್ಲೇ ಕೆಲಸ ಮುಗಿಯುತ್ತದೆ. ಆ ದಿನ ಪಿರಿಯಡ್ ಮುಗಿಯುವ ಮೊದಲೇ ಪೆಟ್ಟಿಗೆ ತೆರೆಯಿತು. ಸಂಭವನೀಯತೆಯ ಪಾಠ ಯಾರಿಗೂ ಮರೆಯಲಿಲ್ಲ.

ಈಗ ತಿಜೋರಿಗೆ ಬನ್ನಿ. ಚಕ್ರದ ಮೇಲೆ 0ಯಿಂದ 99ರವರೆಗೆ ನೂರು ಗೆರೆ, ಒಳಗೆ ಮೂರು ಬಿಲ್ಲೆ. 100 × 100 × 100, ಅಂದರೆ 10 ಲಕ್ಷ. ಒಂದು ಯತ್ನಕ್ಕೆ ಅರ್ಧ ನಿಮಿಷ ಹಿಡಿದರೂ ಹಗಲು ರಾತ್ರಿ ಕಣ್ಣು ಮುಚ್ಚದೆ ತಿರುಗಿಸಿದರೆ 347 ದಿನ. ಕಬ್ಬು ನಾಟಿ ಮಾಡಿ ಕಾರ್ಖಾನೆಗೆ ಸಾಗಿಸುವಷ್ಟು ಕಾಲ. ಕಾಗದದ ಮೇಲೆ ಈ ಬೀಗ ಅಭೇದ್ಯ.

ಕಾಗದದ ಮೇಲೆ ಮಾತ್ರ!

ಭೌತವಿಜ್ಞಾನಿಯ ಕೈಚಳಕ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದ ಲಾಸ್ ಅಲಮೋಸ್‌ನಲ್ಲಿ ಅಣುಬಾಂಬಿನ ಕೆಲಸ ನಡೆದಿತ್ತು. ಅಲ್ಲಿದ್ದ ತರುಣ ವಿಜ್ಞಾನಿ ರಿಚರ್ಡ್ ಫೈನ್‌ಮನ್. ಮುಂದೆ 1965ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಪಡೆದಾತ. ರಹಸ್ಯ ಪತ್ರಗಳನ್ನು ಇಡುತ್ತಿದ್ದ ಸಂಖ್ಯೆ ಬೀಗದ ಕಪಾಟುಗಳನ್ನು ತೆರೆಯುವುದು ಆತನ ಹವ್ಯಾಸ. 1985ರಲ್ಲಿ ಬಂದ ತನ್ನ ನೆನಪುಗಳ ಪುಸ್ತಕದಲ್ಲಿ ಈ ಗುಟ್ಟುಗಳನ್ನು ಆತ ರಟ್ಟು ಮಾಡಿದ್ದಾನೆ.

ಮೊದಲ ಗುಟ್ಟು, ಬೀಗದ ಸಡಿಲು. ಸಂಖ್ಯೆ 40 ಆಗಿದ್ದರೆ 38ರಿಂದ 42ರವರೆಗೆ ಯಾವುದನ್ನು ಇಟ್ಟರೂ ಆ ಕಪಾಟುಗಳು ತೆರೆಯುತ್ತಿದ್ದವು. ಅಂದಮೇಲೆ ನೂರು ಗೆರೆಗಳನ್ನೂ ನೋಡಬೇಕಿಲ್ಲ; ಐದೈದು ಗೆರೆಗೆ ಒಂದರಂತೆ ಇಪ್ಪತ್ತು ಸಾಕು. 10 ಲಕ್ಷ ಇದ್ದದ್ದು 20 × 20 × 20, ಅಂದರೆ 8000ಕ್ಕೆ ಇಳಿಯಿತು. ಎರಡನೆಯ ಗುಟ್ಟು, ತೆರೆದಿಟ್ಟ ಬಾಗಿಲು. ಜನ ಕೆಲಸದ ಹೊತ್ತಿನಲ್ಲಿ ಕಪಾಟನ್ನು ತೆರೆದೇ ಇಡುತ್ತಿದ್ದರು. ಹರಟೆ ಹೊಡೆಯುತ್ತ, ಸುಮ್ಮನೆ ಕೈಯಾಡಿಸಿದಂತೆ ಚಕ್ರ ತಿರುಗಿಸಿ ಕೊನೆಯ ಎರಡು ಸಂಖ್ಯೆಗಳನ್ನು ಫೈನ್‌ಮನ್ ತಿಳಿದುಕೊಳ್ಳುತ್ತಿದ್ದ. ಉಳಿದದ್ದು ಒಂದು ಸಂಖ್ಯೆ, ಇಪ್ಪತ್ತು ಯತ್ನ.

ಮೂರನೆಯ ಗುಟ್ಟು ಮನುಷ್ಯ ಸ್ವಭಾವ. ಸಹೋದ್ಯೋಗಿಯೊಬ್ಬನ ಕಪಾಟಿಗೆ ಫೈನ್‌ಮನ್ ಯೋಚಿಸಿದ್ದು ಹೀಗೆ: ಈತ ಭೌತವಿಜ್ಞಾನಿ; ಇವನಿಗೆ ನೆನಪಿರುವ ಸಂಖ್ಯೆ ಯಾವುದು? ವೃತ್ತದ ಪೈ ಹಾಕಿ ನೋಡಿದ, ಆಗಲಿಲ್ಲ. ಸ್ವಾಭಾವಿಕ ಲಾಗರಿದಮ್ಮಿನ ಆಧಾರ ಸಂಖ್ಯೆ 2.71828. ಹಾಗಾಗಿ 27, 18, 28. ಕಪಾಟು ತೆರೆಯಿತು. ಆತನ ಬೇರೆ ಕಪಾಟುಗಳಿಗೂ ಅದೇ ಸಂಖ್ಯೆ! ಇನ್ನೊಂದು ಸಂಗತಿ ಇದಕ್ಕಿಂತ ಸೋಜಿಗದ್ದು. ಹಲವರು ಕಾರ್ಖಾನೆಯಿಂದ ಬಂದಾಗ ಇದ್ದ ಸಂಖ್ಯೆಯನ್ನು ಬದಲಿಸಿಯೇ ಇರಲಿಲ್ಲ. ಐದರಲ್ಲಿ ಒಂದು ಕಪಾಟು ಹೀಗೆಯೇ ತೆರೆಯುತ್ತಿತ್ತು ಎಂದು ಆತ ಬರೆದಿದ್ದಾನೆ.

ನಮ್ಮ ಮನೆಗಳ ಯಜಮಾನರು ಲಾಗರಿದಮ್ ಹಾಕುವವರಲ್ಲ. ಆದರೆ ಮಗ ಹುಟ್ಟಿದ ದಿನ, ಮದುವೆಯ ತಾರೀಖು, ಟ್ರ್ಯಾಕ್ಟರಿನ ನಂಬರು, ಹೊಲದ ಸರ್ವೆ ನಂಬರು ಇವೆಲ್ಲ ಅವರ ಬಾಯಿಪಾಠ. ಅಗಲಿದವರ ಡೈರಿ, ಪಾಸ್‌ಬುಕ್ಕಿನ ಕೊನೆಯ ಪುಟ, ಪಂಚಾಂಗದ ರಟ್ಟು, ದೇವರ ಪಟದ ಹಿಂಬದಿ ಇವನ್ನೊಮ್ಮೆ ನೋಡಿ. ತಿಜೋರಿ ಕೊಂಡಾಗ ಬಂದ ಕೈಪಿಡಿಯನ್ನು ಹುಡುಕಿ. ಲೆಕ್ಕಕ್ಕೆ ಸಿಕ್ಕದ ಬೀಗ ಎಷ್ಟೋ ಸಲ ನೆನಪಿಗೆ ಸಿಗುತ್ತದೆ.

ಸಿನಿಮಾದಲ್ಲಿ ಕಳ್ಳ ವೈದ್ಯರ ಸ್ಟೆತಾಸ್ಕೋಪ್ ಹಿಡಿದು ಎರಡೇ ನಿಮಿಷದಲ್ಲಿ ಬಾಗಿಲು ತೆರೆಯುತ್ತಾನೆ. ನಿಜವಾದ ಕುಶಲಿಗಳು ಹಾಗಲ್ಲ. ಬಿಲ್ಲೆಗಳು ಕೂದಲೆಳೆಯಷ್ಟಾದರೂ ಏರುಪೇರಾಗಿರುತ್ತವೆ. ಚಕ್ರವನ್ನು ತಿರುಗಿಸುತ್ತ ಪಟ್ಟಿ ಎಲ್ಲಿ ತಾಗುತ್ತದೆ ಎಂಬುದನ್ನು ಬೆರಳಿನಿಂದ ತಿಳಿದು, ಪ್ರತಿಯೊಂದನ್ನೂ ಗುರುತು ಹಾಕಿ, ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದು ಕಚ್ಚಿನ ಜಾಗ ಊಹಿಸುತ್ತಾರೆ. ತಾಸುಗಟ್ಟಲೆಯ ಕೆಲಸ. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನದ ಸಮಯದಲ್ಲಿ ಎ. ಸಿ. ಹಾಬ್ಸ್ ಎಂಬ ಅಮೆರಿಕನ್, ಜೋಸೆಫ್ ಬ್ರಾಮಾ ಕಂಪನಿಯ ಸವಾಲಿನ ಬೀಗವನ್ನು ತೆರೆದ. ಅದು ಸಂಖ್ಯೆಯ ಬೀಗವಲ್ಲ, ಕೀಲಿಕೈಯದು. ತೆರೆದವರಿಗೆ 200 ಗಿನಿ ಬಹುಮಾನ ಎಂಬ ಫಲಕದೊಡನೆ ದಶಕಗಳ ಕಾಲ ಅದು ಅಂಗಡಿಯ ಕಿಟಕಿಯಲ್ಲಿ ಕುಳಿತಿತ್ತು. ಹಾಬ್ಸ್‌ಗೆ ಹಿಡಿದದ್ದು 16 ದಿನಗಳಲ್ಲಿ ಹಂಚಿಹೋದ 51 ತಾಸು. ಈ ಬ್ರಾಮಾ ಬೇರೆ ಯಾರೂ ಅಲ್ಲ, ಪ್ಯಾಸ್ಕಲ್ ನಿಯಮದ ಪಾಠದಲ್ಲಿ ಬರುವ ಹೈಡ್ರಾಲಿಕ್ ಪ್ರೆಸ್‌ನ ಜನಕ.

ಬೆಂಕಿಯ ಬುದ್ಧಿ

ಈಗ ಆ ಗ್ಯಾಸ್ ಕಟ್ಟರಿನ ಮಾತು. ಆಕ್ಸಿಜನ್ ಮತ್ತು ಅಸಿಟಿಲೀನ್ ಸೇರಿದ ಜ್ವಾಲೆಯ ಉಷ್ಣತೆ 3000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆ ಜ್ವಾಲೆ ಉಕ್ಕನ್ನು ಕರಗಿಸಿ ಕತ್ತರಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಮೊದಲು ಉಕ್ಕನ್ನು ಸುಮಾರು 900 ಡಿಗ್ರಿಗೆ ಕಾಯಿಸಿ, ಬಳಿಕ ಅದರ ಮೇಲೆ ಶುದ್ಧ ಆಕ್ಸಿಜನ್ ಬಿಡುತ್ತಾರೆ. ಆಗ ಕಬ್ಬಿಣ ತಾನೇ ಉರಿಯುತ್ತದೆ. ವರ್ಷಗಟ್ಟಲೆ ನಡೆಯುವ ತುಕ್ಕಿನ ಕ್ರಿಯೆ ಕ್ಷಣದಲ್ಲಿ ನಡೆದಂತೆ.

ಹೊರಗೆ ಹೀಗೆ ಉರಿಯುತ್ತಿರುವಾಗ ಒಳಗಿನ ಕಾಗದದ ಗತಿ? ಕಾಗದ ಇಡುವ ಅಗ್ನಿನಿರೋಧಕ ತಿಜೋರಿಯ ಒಳಗಿನ ಉಷ್ಣತೆ 177 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂಬುದು ಪರೀಕ್ಷೆಯ ಒಂದು ಪ್ರಸಿದ್ಧ ಅಳತೆಗೋಲು. ಬಂಗಾರ ಕರಗುವುದು 1064 ಡಿಗ್ರಿಯಲ್ಲಿ, ಅದು ಉಳಿದೀತು. ಖರೀದಿಪತ್ರ, ನೋಟು, ಮುತ್ತಿನ ಸರ ಉಳಿಯಲಾರವು. ಯಾವುದನ್ನು ಪಡೆಯಲು ತೆರೆಯುತ್ತೇವೋ ಅದನ್ನೇ ಸುಟ್ಟಂತಾಗುತ್ತದೆ.

ಒಳ್ಳೆಯ ತಿಜೋರಿಯ ಎರಡು ತಗಡುಗಳ ನಡುವೆ ಜಿಪ್ಸಮ್‌ನಂಥ ಪದಾರ್ಥ ತುಂಬಿರುತ್ತಾರೆ. ಜಿಪ್ಸಮ್ಮಿನ ತೂಕದಲ್ಲಿ ನೂರಕ್ಕೆ ಸುಮಾರು 21 ಭಾಗ ಹರಳಿನೊಳಗೆ ಕಟ್ಟುಬಿದ್ದ ನೀರು. ಮನೆಗೆ ಬೆಂಕಿ ಬಿದ್ದರೆ ಆ ನೀರು ಆವಿಯಾಗುತ್ತ ಶಾಖವನ್ನು ಕುಡಿಯುತ್ತದೆ, ಒಳಗೆ ತಂಪಿರುತ್ತದೆ. ನೀರು ತುಂಬಿದ ಪಾತ್ರೆ ಒಲೆಯ ಮೇಲೆ ಸೀದುಹೋಗದಂತೆ. ಮುಂಬಯಿಯಲ್ಲಿ 1897ರಲ್ಲಿ ಬೀಗ ತಯಾರಿಕೆ ಆರಂಭಿಸಿದ ಅರ್ದೇಶಿರ್ ಗೋದ್ರೆಜ್ 1902ರಲ್ಲಿ ತಮ್ಮ ಮೊದಲ ತಿಜೋರಿ ತಯಾರಿಸಿದಾಗ ಕಳ್ಳನಷ್ಟೇ ಬೆಂಕಿಯೂ ಅವರ ಎದುರಾಳಿಯಾಗಿತ್ತು.

ಇನ್ನು ಸುತ್ತಿಗೆ, ಹಾರೆಯ ಮಾತು. ಉತ್ತಮ ತಿಜೋರಿಗಳಲ್ಲಿ ಮರು ಬೀಗ ಎಂಬ ಎರಡನೆಯ ಕಾವಲು ಇರುತ್ತದೆ. ಬೀಗಕ್ಕೆ ಪೆಟ್ಟು ಬಿದ್ದರೆ ಅದು ತಾನಾಗಿ ಬಿದ್ದು ಬಾಗಿಲನ್ನು ಇನ್ನಷ್ಟು ಬಿಗಿಯುತ್ತದೆ. ಅದಾದ ಮೇಲೆ ಸರಿಯಾದ ಅಂಕೆ ಸಿಕ್ಕರೂ ಪ್ರಯೋಜನವಿಲ್ಲ. ಆದ್ದರಿಂದ ಅಂಕೆ ಸಿಗದಿದ್ದಾಗ ಮೊದಲ ದಾರಿ ತಯಾರಕರ ಅಧಿಕೃತ ಕುಶಲಿ. ತಿಜೋರಿಯ ಕ್ರಮಸಂಖ್ಯೆ, ಕೊಂಡ ರಸೀದಿ, ನಿಮ್ಮ ಗುರುತಿನ ಪತ್ರ ಕೇಳಿದರೆ ಬೇಸರಿಸಬೇಡಿ, ಕೇಳದವನನ್ನೇ ಅನುಮಾನಿಸಿ. ಆತ ಬೇಕಾದರೆ ಒಂದು ಸಣ್ಣ ರಂಧ್ರ ಕೊರೆದು ತೆರೆದು, ಅದನ್ನು ಮುಚ್ಚಿಕೊಡುತ್ತಾನೆ. ತಿಜೋರಿಯೂ ಉಳಿಯುತ್ತದೆ, ಕಾಗದವೂ ಉಳಿಯುತ್ತದೆ.

ಹೊಳೆ ಬಂದು ಹೋದ ಮೇಲೆ

ನಮ್ಮ ಭಾಗಕ್ಕೆ ವಿಶೇಷವಾದ ಇನ್ನೊಂದು ತೊಂದರೆ ಇದೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೊಳೆಸಾಲಿನ ಊರುಗಳು ನೀರಲ್ಲಿ ನಿಂತವು. 2021ರಲ್ಲಿ ಮತ್ತೆ ನೀರು ಬಂತು. ಜನ ದನಕರು ಕಟ್ಟಿಕೊಂಡು ಹೊರಟರು; ಹೊರಲಾರದ ತಿಜೋರಿ ಮನೆಯಲ್ಲೇ ಉಳಿಯುತ್ತದೆ. ಬೆಂಕಿ ತಡೆಯುವ ತಿಜೋರಿ ನೀರನ್ನೂ ತಡೆಯುತ್ತದೆ ಎಂಬುದು ತಪ್ಪು ಕಲ್ಪನೆ. ಬಾಗಿಲಿನ ಸಂದಿಯಿಂದ ನೀರು ಒಳಗೆ ಹೋಗುತ್ತದೆ. ಬೀಗದಲ್ಲಿ ರೇವೆಮಣ್ಣು ಕೂಡುತ್ತದೆ. ಕೀಲಿಕೈ ಇದ್ದರೂ ತಿರುಗದು, ಅಂಕೆ ಗೊತ್ತಿದ್ದರೂ ತೆರೆಯದು.

ಅವಸರದಲ್ಲಿ ಕೊಬ್ಬರಿ ಎಣ್ಣೆ ಹೊಯ್ಯಬೇಡಿ. ಅದು ಧೂಳನ್ನು ಹಿಡಿದು ಅಂಟಾಗುತ್ತದೆ. ಮಣ್ಣು ತೆಗೆದು, ಒಣಗಿಸಿ, ಕೀಲಿಕೈಯ ಬೀಗಕ್ಕೆ ಪೆನ್ಸಿಲಿನ ಗ್ರಾಫೈಟ್ ಪುಡಿ ಹಾಕಿ. ಗ್ರಾಫೈಟ್ ಎಂದರೆ ಪದರ ಪದರವಾಗಿ ಜಾರುವ ಇಂಗಾಲ, ಎಣ್ಣೆಯಿಲ್ಲದ ಎಣ್ಣೆ. ಗುಂಡಿ ಒತ್ತುವ ವಿದ್ಯುನ್ಮಾನ ಬೀಗವಾದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಹೊರಗಿನಿಂದ ಬ್ಯಾಟರಿ ತಾಗಿಸುವ ಬಿಂದುಗಳು ಅಥವಾ ಅಂಕೆ ಫಲಕದ ಹಿಂದೆ ತುರ್ತು ಕೀಲಿಕಿಂಡಿ ಅನೇಕ ಮಾದರಿಗಳಲ್ಲಿವೆ. ಆ ತುರ್ತು ಕೀಲಿಕೈಯನ್ನು ತಿಜೋರಿಯ ಒಳಗೇ ಇಟ್ಟು ಬೀಗ ಹಾಕುವ ಜಾಣರೂ ಇದ್ದಾರೆ! ಕೆಲವು ಸಲ ತಪ್ಪು ಅಂಕೆ ಒತ್ತಿದರೆ ಈ ಬೀಗ ಸ್ವಲ್ಪ ಹೊತ್ತು ಮೌನವಾಗುತ್ತದೆ. ಆಗ ಗುದ್ದಬೇಡಿ, ಕಾಯಿರಿ.

ಯಾರೆದುರು ತೆರೆಯಬೇಕು?

ತಿಜೋರಿ ತೆರೆಯುವುದು ಎಷ್ಟು ಮುಖ್ಯವೋ ಯಾರೆದುರು ತೆರೆಯುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಇದನ್ನು ನಮ್ಮ ಜಿಲ್ಲೆಗಿಂತ ಚೆನ್ನಾಗಿ ಬಲ್ಲವರಾರು? 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪದೆ ಸಂಸ್ಥಾನದ ಖಜಾನೆಗೆ ಮೊಹರು ಹಾಕಿಸಿ ಕಾವಲಿಟ್ಟ. ವಾರಸುದಾರರನ್ನು ಹೊರಗಿಟ್ಟು ಹಾಕಿದ ಆ ಮೊಹರು ಯುದ್ಧಕ್ಕೆ ಕಿಡಿಯಾಯಿತು. ಅದೇ ವರ್ಷ ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನಲ್ಲೇ ಹತನಾದ.

ನಮ್ಮ ಕಾಲದ ಉದಾಹರಣೆ ಪುರಿಯ ಜಗನ್ನಾಥ ದೇವಾಲಯದ ರತ್ನ ಭಂಡಾರ. ಒಳಕೋಣೆಯ ಕೀಲಿಕೈ ಕಾಣೆಯಾದ ಸುದ್ದಿ 2018ರಲ್ಲಿ ಹೊರಬಿತ್ತು. 2024ರ ಜುಲೈ 14ರಂದು ಅದನ್ನು ತೆರೆಯಲು ಹೋದಾಗ ನಕಲಿ ಕೀಲಿಕೈಗಳೂ ಹತ್ತಲಿಲ್ಲ. ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ಬೀಗ ಒಡೆದು, ಹೊಸ ಬೀಗ ಹಾಕಿ, ಮೊಹರು ಮಾಡಿದರು. ಬೀಗ ಒಡೆದರೂ ನಂಬಿಕೆ ಒಡೆಯಬಾರದು ಎಂಬುದೇ ಈ ವಿಧಾನದ ಅರ್ಥ.

ಬ್ಯಾಂಕಿನ ಲಾಕರಿಗೂ ಇದೇ ನ್ಯಾಯ. ಗ್ರಾಹಕರಿಗೆ ಸರಿಯಾದ ನೋಟಿಸು ಕೊಡದೆ ಲಾಕರ್ ಒಡೆದ ಕೊಲ್ಕತ್ತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಫೆಬ್ರುವರಿಯಲ್ಲಿ 5 ಲಕ್ಷ ರೂಪಾಯಿ ಪರಿಹಾರ ವಿಧಿಸಿತು. ಅದೇ ವರ್ಷ ರಿಸರ್ವ್ ಬ್ಯಾಂಕು ಹೊಸ ನಿಯಮ ತಂದು 2022ರ ಜನವರಿಯಿಂದ ಜಾರಿಗೊಳಿಸಿತು. ಬ್ಯಾಂಕು ತಾನಾಗಿ ಲಾಕರ್ ಒಡೆಯಬೇಕಾದರೆ ಮೊದಲು ನೋಟಿಸು ಕೊಡಬೇಕು. ಬ್ಯಾಂಕಿನ ಅಧಿಕಾರಿ ಮತ್ತು ಇಬ್ಬರು ಸ್ವತಂತ್ರ ಸಾಕ್ಷಿಗಳ ಎದುರು ತೆರೆದು ಒಳಗಿನದರ ಪಟ್ಟಿ ಮಾಡಬೇಕು.

ಮನೆಯ ತಿಜೋರಿಗೆ ಇಂಥ ನಿಯಮಾವಳಿ ಇಲ್ಲ. ಆದರೂ ಅದೇ ಕ್ರಮ ಪಾಲಿಸಿದರೆ ಮುಂದಿನ ಕೋರ್ಟು ಕಚೇರಿ ತಪ್ಪುತ್ತದೆ. ಎಲ್ಲ ವಾರಸುದಾರರೂ ಇರಲಿ. ಗಂಡುಮಕ್ಕಳಷ್ಟೇ ಅಲ್ಲ, ಮಿರಜಕ್ಕೋ ಇಚಲಕರಂಜಿಗೋ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಇರಲಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಊರಿನ ಇಬ್ಬರು ಹಿರಿಯರ ಎದುರು ತೆರೆದು, ಸಿಕ್ಕದ್ದನ್ನೆಲ್ಲ ಬರೆದು, ಎಲ್ಲರ ಸಹಿ ಹಾಕಿಸಿ. ಅಲ್ಲಿಯವರೆಗೆ ಬಾಗಿಲಿಗೆ ಒಂದು ಕಾಗದ ಅಂಟಿಸಿ ಎಲ್ಲರೂ ಸಹಿ ಮಾಡಿದರೂ ಸಾಕು. ಮೊಹರು ಬಾಗಿಲನ್ನು ತಡೆಯುವುದಿಲ್ಲ, ತೆರೆದದ್ದನ್ನು ತಿಳಿಸುತ್ತದೆ.

ಅವಸರವೂ ಬೇಡ. ನೋಂದಣಿಯಾದ ಖರೀದಿಪತ್ರದ ದೃಢೀಕೃತ ಪ್ರತಿ ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ಉತಾರ ಸರಕಾರದ ಗಣಕಯಂತ್ರದಲ್ಲಿದೆ. ಠೇವಣಿಯ ಲೆಕ್ಕ ಬ್ಯಾಂಕಿನಲ್ಲಿದೆ, ಪಾಲಿಸಿಯ ಲೆಕ್ಕ ವಿಮಾ ಕಚೇರಿಯಲ್ಲಿದೆ. ತಿಜೋರಿಯ ಬಾಗಿಲು ಮುಚ್ಚಿದ ಮಾತ್ರಕ್ಕೆ ಬದುಕಿನ ಬಾಗಿಲು ಮುಚ್ಚುವುದಿಲ್ಲ.

ಅಂಕೆಯನ್ನು ಹಂಚುವ ಲೆಕ್ಕ

ಇಷ್ಟೆಲ್ಲ ರಗಳೆಗೆ ಮೂಲ ಒಂದೇ. ಅಂಕೆಯನ್ನು ಒಬ್ಬನಿಗೇ ಹೇಳಿದರೆ ಅನುಮಾನ. ಯಾರಿಗೂ ಹೇಳದಿದ್ದರೆ ಅನಾಹುತ. ಮೊಬೈಲಿನಲ್ಲಿ ಬರೆದಿಟ್ಟಿದ್ದೇನೆ ಎನ್ನುವವರ ಮೊಬೈಲಿಗೇ ಇನ್ನೊಂದು ಬೀಗ!

ಇಸ್ರೇಲಿನ ಗಣಿತಜ್ಞ ಅದಿ ಶಮೀರ್ 1979ರಲ್ಲಿ ಇದಕ್ಕೊಂದು ಸುಂದರ ಉಪಾಯ ಪ್ರಕಟಿಸಿದರು. ಒಂದು ಬಿಂದುವಿನ ಮೂಲಕ ಎಷ್ಟು ಬೇಕಾದರೂ ಸರಳರೇಖೆ ಎಳೆಯಬಹುದು, ಎರಡು ಬಿಂದುಗಳ ಮೂಲಕ ಒಂದೇ ಎಂಬ ಶಾಲೆಯ ಪಾಠವೇ ಅದರ ಬೇರು. ನಿಮ್ಮ ಗುಟ್ಟಿನ ಸಂಖ್ಯೆ 37 ಎನ್ನಿ. ಮನಸ್ಸಿನಲ್ಲೇ ಒಂದು ಮೆಟ್ಟಿಲಿನ ಎತ್ತರ ಆರಿಸಿ, 5 ಎನ್ನಿ. ಮೊದಲ ಮೆಟ್ಟಿಲು 42. ಅದನ್ನು ಹಿರಿಮಗನಿಗೆ ಹೇಳಿ. ಎರಡನೆಯದು 47, ಪುಣೆಯಲ್ಲಿರುವ ಕಿರಿಮಗನಿಗೆ. ಮೂರನೆಯದು 52, ಮಗಳಿಗೆ. ಯಾವ ಮೆಟ್ಟಿಲು ಯಾರದು ಎಂಬುದು ಎಲ್ಲರಿಗೂ ಗೊತ್ತಿರಲಿ, ಎತ್ತರ ಯಾರಿಗೂ ಬೇಡ. ಒಬ್ಬರೇ ಕುಳಿತು ಎಷ್ಟು ತಲೆ ಕೆರೆದರೂ 37 ಎಂದು ಖಚಿತವಾಗದು. ಹಿರಿಮಗ ಮತ್ತು ಮಗಳು ಕೂಡಿದರೆ, ಎರಡು ಮೆಟ್ಟಿಲಿಗೆ 10 ಅಂತರ, ಒಂದಕ್ಕೆ 5, ಮೊದಲ ಮೆಟ್ಟಿಲಿನಿಂದ ಒಂದು ಕೆಳಗಿಳಿದರೆ 37. ಯಾವ ಇಬ್ಬರು ಕೂಡಿದರೂ ಉತ್ತರ ಅದೇ. ಮೂರು ಸಂಖ್ಯೆಯ ಬೀಗಕ್ಕೆ ಮೂರು ಸಲ ಹೀಗೆ ಮಾಡಿ, ಪ್ರತಿ ಸಲ ಬೇರೆ ಬೇರೆ ಎತ್ತರ ಇಡಿ. ಶಮೀರ್ ತಮ್ಮ ವಿಧಾನವನ್ನು ಶೇಷಗಣಿತದಿಂದ ಇನ್ನಷ್ಟು ಭದ್ರ ಮಾಡಿದ್ದಾರೆ. ಮನೆಯ ಮಟ್ಟಿಗೆ ಇಷ್ಟು ಸಾಕು.

ಈ ಲೆಕ್ಕದ ದೊಡ್ಡ ಗುಣ ಭದ್ರತೆಯಷ್ಟೇ ಅಲ್ಲ. ತಿಜೋರಿ ತೆರೆಯಬೇಕಾದರೆ ಮಕ್ಕಳಲ್ಲಿ ಇಬ್ಬರಾದರೂ ಒಂದೆಡೆ ಕೂತು ಮಾತಾಡಲೇಬೇಕು. ನಾಳೆ ನೋಡಿದರಾಯಿತು ಎನ್ನದೆ ಇಂದು ರಾತ್ರಿ ಊಟವಾದ ಮೇಲೆ ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ.